ಅಪ್ಪನ ಹಿಮ್ಮಡಿ

ಅಪ್ಪನ ಮುಖಕ್ಕಿಂತ ಅವನ ಕಾಲು ನನಗೆ ಚೆನ್ನಾಗಿ ನೆನಪಿದೆ. ತೋಟದಿಂದ ಬಂದವನು ಜಗಲಿಯ ಮೇಲೆ ಬೋರಲು ಮಲಗಿ, "ಮಂಗಳಾ, ವಸಿ ಕಾಲು ತುಳಿ ಬಾ ಮಗಾ" ಎಂದು ಕರೆಯುತ್ತಿದ್ದ. ನಾನು ಗೋಡೆ ಹಿಡಿದುಕೊಂಡು ಅವನ ಮೀನಖಂಡದ ಮೇಲೆ ನಿಲ್ಲುತ್ತಿದ್ದೆ. ತುಳಿದಾದ ಮೇಲೆ ಕೂತು ಹಿಮ್ಮಡಿ ಒತ್ತುತ್ತಿದ್ದೆ. ಹಿಮ್ಮಡಿಯಿಂದ ಮೇಲಕ್ಕೆ ಹೋಗುವ ನರ ಎಲ್ಲರಿಗೂ ತೆಳ್ಳಗಿರುತ್ತದೆ. ಅಪ್ಪನಿಗೆ ಅದು ನಾರಿನ ಹಗ್ಗದ ಹಾಗೆ ದಪ್ಪಗಿತ್ತು, ನಡುನಡುವೆ ಗಂಟು. ನೋವಾಗುತ್ತಾ ಅಪ್ಪ ಅಂದರೆ, "ಇಲ್ಲ ಕಣೇ, ದುಡಿಯೋರ ಕಾಲು ಹಂಗೇ ಇರದು" ಅನ್ನುತ್ತಿದ್ದ.

ಅಪ್ಪ ಹೋಗಿ ಎಷ್ಟೋ ವರ್ಷಗಳ ಮೇಲೆ, ನನ್ನ ಮಗಳು ಸಿಂಚನ ಹುಟ್ಟಿದಾಗ, ಬಾಣಂತನಕ್ಕೆಂದು ಬಿಳಿಗೆರೆಯ ತವರುಮನೆಯಲ್ಲಿದ್ದೆ. ಅವ್ವ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವಳು ಹಿಮ್ಮಡಿ ಹತ್ತಿರ ಕೈ ನಿಲ್ಲಿಸಿದಳು. ಎರಡೂ ಕಾಲನ್ನು ಸವರಿ ನೋಡಿದಳು.

"ನಿಮ್ಮಪ್ಪನ ಕಾಲೇ ಬಂದೈತೆ ನಿಂಗೆ" ಅಂದಳು.

ಆ ಮಾತಿಗೆ ನನಗೆ ಎಷ್ಟು ಖುಷಿಯಾಯಿತು ಎಂದು ಇವತ್ತಿಗೂ ಹೇಳಲಾರೆ. ಅಪ್ಪನ ಬಣ್ಣ ನನಗಿಲ್ಲ, ಎತ್ತರವಿಲ್ಲ, ಹಾಡುವ ದನಿಯೂ ಇಲ್ಲ. ಕಾಲಾದರೂ ಬಂತಲ್ಲ ಅನ್ನಿಸಿತು. ಅಪ್ಪನ ನೆನಪು ಜಾಸ್ತಿಯಾದಾಗ ಕಾಲು ಮಡಚಿ ಕೂತು ನನ್ನ ಹಿಮ್ಮಡಿಯನ್ನೇ ಒತ್ತಿಕೊಳ್ಳುವುದು ನನಗೆ ರೂಢಿಯಾಯಿತು. ಮುಟ್ಟಿದರೆ ಅದು ಅವನದೇ ಕಾಲು.

ಅಪ್ಪ ಹೋದಾಗ ಅವನಿಗೆ ನಲವತ್ತನಾಲ್ಕು, ನನಗೆ ಹದಿನಾರು. ಆ ದಿನ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿನ ಮಾರ್ಕೆಟ್ ಯಾರ್ಡಿಗೆ ಹೋಗಿದ್ದ. ಮಧ್ಯಾಹ್ನವಾಗುವ ಮೊದಲೇ ಯಾರದೋ ಟೆಂಪೋದಲ್ಲಿ ವಾಪಸು ಬಂದ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ಎದೆ ಉರಿಯುತ್ತಿದೆ, ಬೆಳಗ್ಗೆ ತಿಂದ ವಡೆ ಅರಗಿಲ್ಲ ಅಂದ. ಅವ್ವ ಜೀರಿಗೆ ಕಷಾಯ ಕಾಸಿ ಕೊಟ್ಟಳು. ಕುಡಿದು ತೇಗಿದ. "ಈಗ ವಾಸಿ. ವಸಿ ಮಲ್ಕತೀನಿ, ಊಟಕ್ಕೆ ಎಬ್ಬಿಸು" ಅಂದ. ಊಟಕ್ಕೆ ಎಬ್ಬಿಸಲು ಹೋದವಳು ನಾನು.

ನಮ್ಮ ಮನೆಯಲ್ಲಿ ಆ ದಿನದ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಅವ್ವ ಜೀರಿಗೆ ಡಬ್ಬವನ್ನು ಅಟ್ಟದ ಮೇಲೆ ಇಟ್ಟವಳು ಮತ್ತೆ ಕೆಳಗಿಳಿಸಲಿಲ್ಲ.

ನಾನು ಈಗ ಸರ್ಕಾರಿ ಬಸ್ಸಿನ ಕಂಡಕ್ಟರ್. ತಿಪಟೂರಿನಿಂದ ಕೆಲವು ದಿನ ತುರುವೇಕೆರೆ ಮೇಲೆ ಮಾಯಸಂದ್ರಕ್ಕೆ, ಕೆಲವು ದಿನ ಬಿಳಿಗೆರೆ ಕಡೆಗೆ ಡ್ಯೂಟಿ. ದಿನವಿಡೀ ನಿಂತೇ ಇರುತ್ತೇನೆ. ಮೈಯಲ್ಲಿ ಬೊಜ್ಜಿಲ್ಲ. ಜ್ವರ ಬಂದರೂ ರಜೆ ಹಾಕಿದವಳಲ್ಲ. ನಮ್ಮ ಡಿಪೋದಲ್ಲಿ ಒಂದು ದಿನ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ಬಿ.ಪಿ. ನೋಡಿದರು, ತೂಕ ನೋಡಿದರು, ರಕ್ತ ತೆಗೆದುಕೊಂಡರು. ಬಿ.ಪಿ. ಚೆನ್ನಾಗಿತ್ತು, ತೂಕವೂ ಚೆನ್ನಾಗಿತ್ತು. ನಾನು ಮರೆತೇಬಿಟ್ಟೆ. ಆಮೇಲೆ ಒಂದು ಬೆಳಗ್ಗೆ ಡ್ಯೂಟಿಗೆ ಹೊರಡುವಾಗ ಡಿಪೋದ ಗುಮಾಸ್ತರು ಕರೆದು, ನಿಮ್ಮ ಕೊಲೆಸ್ಟ್ರಾಲ್ ತೀರಾ ಮೇಲಿದೆಯಂತೆ, ಹೃದಯದ ಡಾಕ್ಟರಿಗೆ ತೋರಿಸಬೇಕಂತೆ ಅಂದರು.

ನನ್ನ ಬಸ್ಸಿನ ಡ್ರೈವರ್ ರಹಮತ್ತಣ್ಣ ನಕ್ಕುಬಿಟ್ಟರು. "ನಿಮಗೆಲ್ಲಿಂದ ಬರಬೇಕು ಮಂಗಳಮ್ಮ? ನನ್ನ ಹೊಟ್ಟೆ ನೋಡಿ, ನಿಮ್ಮನ್ನ ನೋಡಿ. ನನ್ನ ರಕ್ತ ನಿಮ್ಮ ಬಾಟಲಿಗೆ ಹಾಕಿದಾರೆ ಬಿಡಿ."

ನನಗೂ ಹಾಗೇ ಅನ್ನಿಸಿತು. ತಿಪಟೂರಿನಲ್ಲೇ ಬೇರೆ ಲ್ಯಾಬಿಗೆ ಹೋಗಿ ಮತ್ತೆ ರಕ್ತ ಕೊಟ್ಟೆ. ಅಲ್ಲೂ ಅದೇ ಬಂತು. ಆವತ್ತು ಮಾಯಸಂದ್ರದ ಟ್ರಿಪ್ಪಿನಲ್ಲಿ ಇಬ್ಬರಿಗೆ ಚಿಲ್ಲರೆ ಕೊಡುವುದನ್ನು ಮರೆತೆ. ರಹಮತ್ತಣ್ಣ ತುರುವೇಕೆರೆ ಸ್ಟ್ಯಾಂಡಿನಲ್ಲಿ ಟೀ ತಂದು ಕೈಗಿಟ್ಟು, "ಗುರುವಾರ ತುಮಕೂರಿಂದ ಹಾರ್ಟ್ ಡಾಕ್ಟ್ರು ಬರ್ತಾರೆ ತಿಪಟೂರಿಗೆ. ಡ್ಯೂಟಿ ಬದಲಾಯಿಸೋ ವಿಷಯ ನಾನು ಮಾತಾಡ್ತೀನಿ, ಹೋಗಿ ಬನ್ನಿ" ಅಂದರು.

ಆ ಡಾಕ್ಟರು ಬರುವ ನರ್ಸಿಂಗ್ ಹೋಮಿನ ಹಜಾರದಲ್ಲಿ ಕೂತಿದ್ದು ಚೆನ್ನಾಗಿ ನೆನಪಿದೆ. ಗೋಡೆಗೆ ಒತ್ತಿ ಇಟ್ಟ ಕಬ್ಬಿಣದ ಕುರ್ಚಿಗಳು. ಕೂತವರೆಲ್ಲ ವಯಸ್ಸಾದವರು, ಜೊತೆಗೆ ಅವರನ್ನು ಕರೆತಂದ ಮಕ್ಕಳು. ನನ್ನ ಪಕ್ಕದಲ್ಲಿದ್ದ ಹೊನ್ನವಳ್ಳಿ ಕಡೆಯ ಅಜ್ಜಿ, "ಯಾರಿಗೆ ತೋರಿಸೋಕೆ ಬಂದಿದೀಯವ್ವ?" ಎಂದು ಕೇಳಿದರು. ನನಗೇ ಅಜ್ಜಿ ಅಂದೆ. ಅವರು ನನ್ನ ಮುಖ ನೋಡಿ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಲ್ಲುಸಕ್ಕರೆಯ ಒಂದು ತುಣುಕು ಬಿಚ್ಚಿ ಕೊಟ್ಟರು. ಆಚೆ ಸಾಲಿನಲ್ಲಿ ನನ್ನ ವಯಸ್ಸಿನ ಒಬ್ಬಾಕೆ ತನ್ನಪ್ಪನ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದಳು. ಆತ, "ಎಷ್ಟೊತ್ತು ಕೂರಿಸ್ತೀಯೇ ನನ್ನ, ಹೋಗಾನ ನಡಿ" ಎಂದು ಗೊಣಗುತ್ತಿದ್ದ. ಅವಳು ರೇಗುತ್ತಿದ್ದಳು. ನಾನು ಅವರಿಬ್ಬರನ್ನೇ ನೋಡುತ್ತ ಕೂತೆ. ನನ್ನ ಹೆಸರು ಕರೆದಿದ್ದು ಕೇಳಿಸಲಿಲ್ಲ, ಅಜ್ಜಿ ತೋಳು ತಟ್ಟಿ ಕಳಿಸಿದರು.

ಡಾಕ್ಟರು ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು. ಊಟ ತಿಂಡಿಯ ವಿಷಯ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ರಿಪೋರ್ಟು ನೋಡಿ, "ತಂದೆ ತಾಯಿ ಇದ್ದಾರಾ?" ಎಂದು ಕೇಳಿದರು.

"ಅವ್ವ ಇದ್ದಾಳೆ. ಅಪ್ಪ ಇಲ್ಲ."

"ಎಷ್ಟು ವಯಸ್ಸಲ್ಲಿ ಹೋದರು? ಏನಾಗಿ?"

ಹೇಳಿದೆ. ಅಪ್ಪನ ಅಪ್ಪನ ಬಗ್ಗೆ ಕೇಳಿದರು. ಆತನೂ ಚಿಕ್ಕ ವಯಸ್ಸಿಗೇ ಹೊಲದಲ್ಲಿ ಬಿದ್ದು ಹೋದನಂತೆ, ಗಾಳಿ ಹೊಡೆಯಿತು ಅನ್ನುತ್ತಿದ್ದರು ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಕಾಲು ಈ ಕಡೆ ಚಾಚಿ. ಚಪ್ಪಲಿ ಬಿಡಿ."

ನನಗೆ ಅರ್ಥವಾಗಲಿಲ್ಲ. ಎದೆ ನೋಡಬೇಕಾದವರು ಕಾಲು ಯಾಕೆ ಕೇಳುತ್ತಾರೆ ಅನ್ನಿಸಿತು. ಅವರು ಬಗ್ಗಿ ನನ್ನ ಹಿಮ್ಮಡಿಯ ಮೇಲಿನ ನರವನ್ನು ಎರಡು ಬೆರಳಲ್ಲಿ ಹಿಡಿದು, ಅಪ್ಪನ ಕಾಲನ್ನು ನಾನು ಒತ್ತುತ್ತಿದ್ದ ಹಾಗೇ, ಕೆಳಗಿನಿಂದ ಮೇಲಕ್ಕೆ ಸವರಿದರು.

"ಇದು ಎಷ್ಟು ವರ್ಷದಿಂದ ಇದೆ?"

"ಅದು ನಮ್ಮಪ್ಪನ ಕಾಲು ಮೇಡಂ. ಅವರಿಗೂ ಹಿಂಗೇ ಇತ್ತು" ಅಂದೆ, ಹೆಮ್ಮೆಯಿಂದಲೇ.

ಡಾಕ್ಟರು ನನ್ನ ಕಾಲು ಬಿಟ್ಟು ನೆಟ್ಟಗೆ ಕೂತರು. ಆಮೇಲೆ ನಿಧಾನವಾಗಿ ಹೇಳಿದರು. ಕೆಲವು ಮನೆತನಗಳಲ್ಲಿ ಹುಟ್ಟುವಾಗಲೇ ರಕ್ತದಲ್ಲಿ ಕೊಬ್ಬು ಜಾಸ್ತಿ ಇರುತ್ತದಂತೆ. ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಬರುತ್ತದಂತೆ. ಅದು ರಕ್ತನಾಳದಲ್ಲಿ ಕೂರುತ್ತದೆ, ಕೆಲವರಿಗೆ ಇಲ್ಲೂ ಬಂದು ಕೂರುತ್ತದೆ ಎಂದು ಹಿಮ್ಮಡಿ ತೋರಿಸಿದರು. "ನಿಮ್ಮ ತಂದೆಗೂ ಇದೇ ಇತ್ತು ಅನ್ನಿಸುತ್ತೆ. ನಿಮಗೆ ಈಗಲೇ ಗೊತ್ತಾಯಿತು, ಅದು ಒಳ್ಳೇದು. ಇದಕ್ಕೆ ಮಾತ್ರೆ ಇದೆ" ಅಂದರು.

ಅವರು ಹೇಳಿದ್ದರಲ್ಲಿ ಒಳ್ಳೆಯ ಸುದ್ದಿಯೇ ಜಾಸ್ತಿ ಇತ್ತು. ನನ್ನ ಕಿವಿಗೆ ಅದು ಬೀಳಲಿಲ್ಲ. ಇಷ್ಟು ವರ್ಷ ಅಪ್ಪ ಅಂದುಕೊಂಡು ನಾನು ಮುಟ್ಟಿಕೊಂಡಿದ್ದು ಅಪ್ಪನನ್ನು ಕೊಂದಿದ್ದನ್ನೇ ಎಂಬುದೊಂದೇ ತಲೆಯಲ್ಲಿ ಉಳಿಯಿತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಕಾಲನ್ನೇ ಮುಟ್ಟಲು ಭಯವಾಯಿತು.

ಆಮೇಲೆ ಹೃದಯದ ಎಕೋ ಮಾಡಿದರು. ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಎದೆಗೆ ವೈರು ಅಂಟಿಸಿಕೊಂಡು ಓಡುವಾಗ ಪ್ರತಿ ಹೆಜ್ಜೆಗೂ ಈಗ ಬಿದ್ದೆ, ಈಗ ಬಿದ್ದೆ ಅನ್ನಿಸುತ್ತಿತ್ತು. ಏನೂ ಆಗಲಿಲ್ಲ. ಸದ್ಯಕ್ಕೆ ಹೃದಯ ಚೆನ್ನಾಗಿದೆ, ಮಾತ್ರೆ ಮಾತ್ರ ಜೀವನಪೂರ್ತಿ ಅಂದರು. ಕಾಯಿ, ಕೊಬ್ಬರಿ ಬಿಡಬೇಕಾ ಎಂದು ಕೇಳಿದೆ. "ಕಾಯಿಯಿಂದ ಬಂದಿದ್ದಲ್ಲ ಇದು. ಆದರೂ ಕಮ್ಮಿ ಮಾಡಿ. ತಿಪಟೂರಿನವರಿಗೆ ಪೂರ್ತಿ ಬಿಡಿ ಅಂದರೆ ನಾಳೆಯಿಂದ ನನ್ನ ಹತ್ತಿರ ಯಾರೂ ಬರಲ್ಲ" ಎಂದು ನಕ್ಕರು.

ನಮ್ಮ ಯಜಮಾನರದು ಬಸ್ ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ. ಮಾತು ಕಮ್ಮಿ. ವಿಷಯ ಕೇಳಿದ ಮಾರನೆಯ ದಿನ ನಾನು ನನಗೆ ಬೇರೆ ಸಾರು, ಅವರಿಗೂ ಮಗಳಿಗೂ ಕಾಯಿ ರುಬ್ಬಿದ ಹುಳಿ ಮಾಡಿದರೆ, ಅವರು ನನ್ನ ಪಾತ್ರೆಯಿಂದಲೇ ಬಡಿಸಿಕೊಂಡರು. "ಚೆನ್ನಾಗಿಲ್ಲ" ಅಂದರು. ಮತ್ತೆ ಹಾಕಿಸಿಕೊಂಡು ಊಟ ಮಾಡಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ಸಾರು.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆತನ್ನಿ, ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಅಂತ. ನನ್ನ ತಮ್ಮ ಸಿದ್ದೇಶ ಬಿಳಿಗೆರೆಯಲ್ಲಿ ತೋಟ ನೋಡಿಕೊಂಡು ಅವ್ವನ ಜೊತೆ ಇದ್ದಾನೆ. ಹೆಂಡತಿ ಲತಾ, ಒಬ್ಬ ಚಿಕ್ಕ ಮಗ. ಸಿದ್ದೇಶ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಫೋನ್ ಮಾಡಿ ಹೇಳಿದರೆ, "ಕೊಯ್ಲು ಮುಗೀಲಿ ಕಣಕ್ಕ" ಅಂದ. ಕೊಯ್ಲು ಮುಗಿದ ಮೇಲೆ, "ಬೋರ್‌ವೆಲ್ ಮೋಟ್ರು ಎತ್ತಿಸ್ತಾ ಇದೀನಿ" ಅಂದ. ನಾನು ಊರಿಗೇ ಹೋದೆ.

ಅವ್ವನೇ ಅಡ್ಡ ನಿಂತಳು. "ಚೆನ್ನಾಗಿರೋರನ್ನ ಕರ್ಕಂಡೋಗಿ ಯಾಕೆ ರೋಗ ಹುಡುಕಿಸ್ತೀಯ? ಇಲ್ಲದ್ದು ಏನಾದ್ರೂ ಹೇಳ್ತಾರೆ. ಸುಮ್ನೆ ಬುಟ್ಬುಡು" ಅಂದಳು.

"ಅಪ್ಪನೂ ಚೆನ್ನಾಗೇ ಇದ್ನಲ್ಲವ್ವ" ಅಂದೆ.

ಅವ್ವ ಎದ್ದು ಒಳಗೆ ಹೋದಳು. ಆ ಮಾತು ಆಡಬಾರದಿತ್ತೇನೋ ಅನ್ನಿಸಿ ನಾನು ತಮ್ಮನ ಜೊತೆ ತೋಟಕ್ಕೆ ಹೋದೆ. ಇಳಿಬಿಸಿಲು. ಹೊಸದಾಗಿ ಡ್ರಿಪ್ ಪೈಪು ಎಳೆದಿದ್ದನ್ನು ತೋರಿಸುತ್ತ ಅವನು ಮುಂದೆ ಹೋಗುತ್ತಿದ್ದ. ಮೇಲಿನ ತಾಕಿಗೆ ಹತ್ತುವ ದಿಣ್ಣೆಯಲ್ಲಿ ನಿಂತ. ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ಒಂದು ಮರದ ಗೊನೆ ನೋಡಿದ. ನಾಲ್ಕು ಹೆಜ್ಜೆ ನಡೆದು ಮತ್ತೆ ನಿಂತ. ಇನ್ನೊಂದು ಮರ ನೋಡಿದ.

ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕೊನೆಯ ವರ್ಷ ಅಪ್ಪ ಇದೇ ದಿಣ್ಣೆಯಲ್ಲಿ ಹೀಗೇ ನಿಲ್ಲುತ್ತಿದ್ದ. ಗೊನೆ ನೋಡುತ್ತಿದ್ದಾನೆ ಎಂದುಕೊಂಡು ನಾನೂ ಪಕ್ಕದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದೆ. "ಈ ಸಲ ಫಸಲು ಚೆನ್ನಾಗೈತೆ, ಅಲ್ವೇನೇ" ಎಂದು ಉಸಿರೆಳೆದುಕೊಂಡು ಹೇಳುತ್ತಿದ್ದ.

"ಸಿದ್ದೇಶ, ಏನು ನೋಡ್ತಿದೀಯ?"

"ಕಾಯಿ."

"ಕಾಯಿ ನೋಡ್ತಿಲ್ಲ ನೀನು. ಎದೆ ಹಿಡ್ಕತಾ ಐತಾ?"

ಅವನು ಸೊಂಟದ ಮೇಲಿನ ಕೈ ಇಳಿಸಿದ. ಆಮೇಲೆ ಮರದ ಬುಡದಲ್ಲಿ ಕೂತ. "ದೀಪಾವಳಿ ಆದಾಗಿಂದ ಹಿಂಗೇ ಕಣಕ್ಕ. ದಿಣ್ಣೆ ಹತ್ತಿದ್ರೆ ಇಲ್ಲಿ ಬಿಗಿತದೆ. ನಿಂತ್ರೆ ಹೋಯ್ತದೆ. ಅವ್ವಂಗೆ ಹೇಳ್ಬೇಡ" ಅಂದ. ಅವನ ಲುಂಗಿ ಮೇಲೆ ಸರಿದಿತ್ತು. ನಾನು ಅವನ ಹಿಮ್ಮಡಿ ನೋಡಿದೆ. ಅದೇ ನಾರಿನ ಹಗ್ಗ, ಅದೇ ಗಂಟು.

ಹಿಂದೆ ತರಗು ಸದ್ದಾಯಿತು. ತಿರುಗಿದರೆ ಅವ್ವ ಕಾಫಿ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಾಫಿಯನ್ನು ತಮ್ಮನ ಕೈಗೆ ಕೊಟ್ಟು, ನನಗೆ, "ಆ ಡಾಕ್ಟ್ರು ಯಾವತ್ತು ಬತ್ತಾರೆ ಅಂದೆ?" ಎಂದು ಕೇಳಿದಳು. ಗುರುವಾರ ಅಂದೆ. "ಅಲ್ಲಿಗಂಟ ಯಾಕೆ? ನಾಳೆನೇ ತುಮಕೂರಿಗೆ ಹೋಗಾನ."

ಮಾರನೆಯ ದಿನ ತುಮಕೂರಿಗೆ ಹೋದೆವು. ಅದೇ ಡಾಕ್ಟರು ಸಿದ್ದೇಶನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಲೇ ಇಲ್ಲ. ಇ.ಸಿ.ಜಿ. ನೋಡಿ, ಅವನ ಮಾತು ಕೇಳಿ, ಆಂಜಿಯೋಗ್ರಾಂ ಮಾಡಬೇಕು, ಇಲ್ಲೇ ದಾಖಲಾಗಿ ಅಂದರು. ತಮ್ಮ ಬಟ್ಟೆ ಬದಲಿಸಲು ಹೋದ. ಕೋಣೆಯಲ್ಲಿ ನಾನು, ಅವ್ವ, ಡಾಕ್ಟರು ಮಾತ್ರ. ಅವ್ವ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಒಂದು ಮಾತು ಕೇಳ್ಲಾ ತಾಯಿ?" ಅಂದಳು. "ಇವರಪ್ಪಂಗೆ ಎದೆ ಉರಿ ಅಂದಾಗ ನಾನು ಜೀರಿಗೆ ಕಷಾಯ ಕೊಟ್ಟೆ. ಮಲಗಿಸ್ದೆ. ಹೋಗ್ಬುಟ್ರು. ನಾನು ದಿನಾ ಕಾಯಿ ರುಬ್ಬಿ ಹಾಕಿದ್ದಕ್ಕೆ ಹಂಗಾಯ್ತಾ, ಕಷಾಯದಿಂದ ಹಂಗಾಯ್ತಾ?"

ನಾನು ಅವ್ವನ ಕಡೆ ತಿರುಗಿದೆ. ಇಷ್ಟು ವರ್ಷ ಅವಳು ಆಸ್ಪತ್ರೆ ಅಂದರೆ ಹಿಂಜರಿದಿದ್ದು ಯಾಕೆ ಎಂಬುದು ಆಗ ಗೊತ್ತಾಯಿತು. ಯಾರಾದರೂ ಡಾಕ್ಟರು ಬಾಯಿ ಬಿಟ್ಟು ಹೇಳಿಬಿಟ್ಟರೆ ಎಂಬ ಭಯ.

ಡಾಕ್ಟರು ಎದ್ದು ಈ ಕಡೆಗೆ ಬಂದು ಅವ್ವನ ಪಕ್ಕದ ಕುರ್ಚಿಯಲ್ಲಿ ಕೂತರು. "ಎರಡರಿಂದಲೂ ಅಲ್ಲಮ್ಮ. ಅದು ಅವರು ಹುಟ್ಟುವಾಗಲೇ ಜೊತೆಗೆ ಬಂದಿತ್ತು. ನೀವು ಆ ಮನೆಗೆ ಸೊಸೆಯಾಗಿ ಬರೋಕೂ ಮುಂಚೆ."

"ಈಗ ಮಂಗಳಂಗೆ ನೋಡಿದ್ರಲ್ಲ, ಹಂಗೆ ರಕ್ತ ನೋಡಿದ್ರೆ ಅವರಿಗೂ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು" ಅಂದರು ಡಾಕ್ಟರು. ಸುಳ್ಳು ಹೇಳಲಿಲ್ಲ. "ಆದರೆ ಆಗ ಚೆನ್ನಾಗಿ ಓಡಾಡಿಕೊಂಡಿದ್ದವರ ರಕ್ತ ಯಾರೂ ನೋಡ್ತಿರಲಿಲ್ಲಮ್ಮ."

ಅವ್ವ ತಲೆಯಾಡಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾರೆ ಇವನನ್ನ ಉಳಿಸ್ಕೊಡಿ" ಅಂದಳು.

ಸಿದ್ದೇಶನಿಗೆ ಎರಡು ಕಡೆ ಬ್ಲಾಕ್ ಇತ್ತು, ಒಂದು ಮುಚ್ಚಿಹೋಗುವುದರಲ್ಲಿತ್ತು. ಸ್ಟೆಂಟ್ ಹಾಕಿದರು. ಅವನನ್ನು ಒಳಗೆ ಕರೆದುಕೊಂಡು ಹೋದಾಗ, ಊರಿಂದ ಬಂದಿದ್ದ ಲತಾ ನನ್ನ ಕೈ ಹಿಡಿದಿದ್ದಳು. ಅವಳ ಉಗುರು ನನ್ನ ಅಂಗೈಯಲ್ಲಿ ಗುರುತು ಮಾಡಿತ್ತು. ಹೊರಗೆ ಹಜಾರದಲ್ಲಿ ಕೂತಿದ್ದಷ್ಟು ಹೊತ್ತೂ ನನಗೆ ಇದ್ದಿದ್ದು ಒಂದೇ ಆಸೆ. ಈ ಸಾಲಿನಲ್ಲಿ ನಾನು ಅಪ್ಪನಿಗಾಗಿ ಒಂದು ಸಲವಾದರೂ ಕಾಯಬೇಕಿತ್ತು. ಅವನ ಅಂಗಿ, ವಾಚು, ಉಡುದಾರದಲ್ಲಿ ಕಟ್ಟಿಕೊಂಡ ಬೀರುವಿನ ಬೀಗದ ಕೈ ಎಲ್ಲವನ್ನೂ ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು, ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲಬೇಕಿತ್ತು. ಬೇರೆಯವರಿಗೆ ಆ ಹಜಾರ ಎಂದರೆ ಭಯ. ನನಗೆ ಅಲ್ಲಿ ಕೂರುವ ಭಾಗ್ಯವೂ ಸಿಗದೆ ಹೋಗಿತ್ತಲ್ಲ ಅನ್ನಿಸುತ್ತಿತ್ತು.

ಬಾಗಿಲು ತೆರೆದು ತಮ್ಮ ಹೊರಬಂದಾಗ ಅವನು ಹೇಳಿದ ಮೊದಲ ಮಾತು, "ಹಸಿವಾಯ್ತದೆ ಕಣಕ್ಕ."

ಆಮೇಲೆ ಮಕ್ಕಳ ರಕ್ತ ನೋಡಿಸಿದೆವು. ಸಿಂಚನಳಿಗೆ ಈಗ ಹೈಸ್ಕೂಲು. ಸೂಜಿ ಚುಚ್ಚುವಾಗ ಮುಖ ಆ ಕಡೆ ತಿರುಗಿಸಿ, "ತಾತನಿಗೆ ಇದ್ದಿದ್ದು ನಂಗೂ ಇರುತ್ತಾ ಅಮ್ಮ?" ಎಂದು ಕೇಳಿದಳು. ಇಲ್ಲ. ಅವಳಿಗೆ ಬಂದಿರಲಿಲ್ಲ. ಸಿದ್ದೇಶನ ಮಗನಿಗೆ ಬಂದಿದೆ. ಅವನಿಗೆ ಇನ್ನು ಸ್ವಲ್ಪ ದೊಡ್ಡವನಾದ ಮೇಲೆ ಮಾತ್ರೆ ಶುರು ಮಾಡುತ್ತೇವೆ, ಈಗಿನಿಂದ ನೋಡಿಕೊಂಡರೆ ಎಲ್ಲರಂತೆ ಬದುಕುತ್ತಾನೆ ಎಂದು ಡಾಕ್ಟರು ಹೇಳಿದ್ದಾರೆ. ಲತಾ ಎದುರು ನನ್ನ ಮಗಳ ಸುದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ಸಿಂಚನಳ ತಲೆ ಸವರಿ, "ಬುಡಿ ಅತ್ತಿಗೆ, ಒಬ್ಬಳಾದ್ರೂ ತಪ್ಪಿಸ್ಕಂಡ್ಳಲ್ಲ" ಅಂದಳು.

ಆ ಸಂಜೆ ಮನೆಯಲ್ಲಿ ಸಿಂಚನ ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದಳು. ತೆಳ್ಳಗಿನ, ಗಂಟಿಲ್ಲದ ಹಿಮ್ಮಡಿ. ದೇವರು ದೊಡ್ಡವನು ಅಂದುಕೊಂಡೆ. ಅದರ ಹಿಂದೆಯೇ, ಹೇಳಬಾರದು, ಒಂದು ಸಣ್ಣ ಸಂಕಟವೂ ಬಂತು. ಅಪ್ಪ ನನ್ನಲ್ಲಿಗೆ ಮುಗಿದ ಅನ್ನಿಸಿತು. ಬೇಡವಾದದ್ದು ಮುಗಿಯಿತು ಎಂದು ಬುದ್ಧಿಗೆ ಗೊತ್ತು. ಮನಸ್ಸಿಗೆ ಆ ಬುದ್ಧಿ ಇಲ್ಲ.

ಮಾತ್ರೆ ನುಂಗುತ್ತಿದ್ದೇನೆ. ಶುರುವಿನಲ್ಲಿ ಮೈಕೈ ನೋವು ಬಂತು, ಡಾಕ್ಟರು ಮಾತ್ರೆ ಬದಲಿಸಿದರು, ಹೋಯಿತು. ರಕ್ತದ ಲೆಕ್ಕ ಈಗ ಇಳಿದಿದೆ. ರಹಮತ್ತಣ್ಣನೂ ತಪಾಸಣೆ ಮಾಡಿಸಿಕೊಂಡರು. ಅವರಿಗೆ ಸಕ್ಕರೆ ಇದೆಯಂತೆ, ತುರುವೇಕೆರೆ ಸ್ಟ್ಯಾಂಡಿನಲ್ಲಿ ಈಗ ಇಬ್ಬರಿಗೂ ಸಕ್ಕರೆಯಿಲ್ಲದ ಟೀ. ನಿಮ್ಮ ಮನೆಯಲ್ಲೂ ಯಾರಾದರೂ ಚಿಕ್ಕ ವಯಸ್ಸಿಗೆ ಹೀಗೆ ಮಲಗಿದ್ದಲ್ಲೇ ಹೋಗಿದ್ದರೆ, ಹಣೆಬರಹ ಎಂದು ಸುಮ್ಮನಾಗಬೇಡಿ. ಅವರ ಬಗ್ಗೆ ಮಾತಾಡಿ. ನಾವು ಅಪ್ಪನ ಬಗ್ಗೆ ಮಾತಾಡಿದ್ದೇ ಮೊದಲ ಸಲ ಒಬ್ಬ ಡಾಕ್ಟರ ಎದುರಿಗೆ.

ಮೊನ್ನೆ ನನಗೆ ಬಿಳಿಗೆರೆ ಕಡೆಯ ಡ್ಯೂಟಿ. ಸಿದ್ದೇಶನ ಚೆಕಪ್ ಮುಗಿಸಿಕೊಂಡು ಅವ್ವ ತಿಪಟೂರು ಸ್ಟ್ಯಾಂಡಿನಲ್ಲಿ ನನ್ನ ಬಸ್ಸು ಹತ್ತಿದಳು. ತಮ್ಮ ಗೊಬ್ಬರದ ಅಂಗಡಿಗೆ ಹೋಗಿ ಬೈಕಿನಲ್ಲಿ ಬರುತ್ತೇನೆ ಎಂದು ಉಳಿದುಕೊಂಡಿದ್ದ. ಅವ್ವ ಬಾಗಿಲ ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತಳು. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಮಷಿನ್ನಿನಿಂದ ಟಿಕೆಟ್ ತೆಗೆದು ಅವಳಿಗೆ ಕೊಟ್ಟೆ. ಅವ್ವ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದಳು.

"ನಿಮ್ಮಪ್ಪ ಇದ್ದಿದ್ರೆ ಈಗ ಎಷ್ಟಾಗಿರದು?"

"ಎಪ್ಪತ್ತು ಕಣವ್ವ."

"ಎಪ್ಪತ್ತಾದ ಗಂಡಸರಿಗೂ ಪುಕ್ಕಟೆ ಐತಾ?"

"ಇಲ್ಲ. ವಸಿ ಕಮ್ಮಿ ಮಾಡ್ತಾರೆ ಅಷ್ಟೇ. ಟಿಕೆಟ್ ತಗಾಬೇಕು."

ಅವ್ವ ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟುಕೊಂಡು ಹೊರಗೆ ನೋಡಿದಳು. "ತಗತಿದ್ರು ಬುಡು" ಅಂದಳು. "ಮಗಳ ಬಸ್ಸು ಅಂತ ಸುಮ್ನೆ ಕೂರೋ ಆಸಾಮಿ ಅಲ್ಲ ಅವರು. ನಿನ್ ಕೈಲಿ ಟಿಕೆಟ್ ಕೊಡಿಸ್ಕಂಡು ಜೇಬಲ್ಲಿ ಮಡಗ್ಕತಿದ್ರು. ಊರಿಗೆಲ್ಲ ತೋರಿಸ್ಕಂಡು ಬರೋರು."

ಮುಂದಿನ ಸ್ಟಾಪಿನಲ್ಲಿ ಒಬ್ಬಾಕೆ ಮಗುವನ್ನು ಎತ್ತಿಕೊಂಡು ಹತ್ತಿದಳು. ಅವ್ವ ಸೀಟಿನ ಮೇಲಿಂದ ಕೈ ತೆಗೆದು, ಇನ್ನಷ್ಟು ಕಿಟಕಿಯ ಕಡೆ ಸರಿದು, "ಬಾರವ್ವ, ಕೂತ್ಕ" ಅಂದಳು. ನಾನು ಸೀಟಿ ಊದಿದೆ. ಬಸ್ಸು ಹೊರಟಿತು.